ರೋಗಿಯ ಕೋಣೆಗೆ ತಂಪು ತಂದ ವೈದ್ಯ ಜಾನ್ ಗಾರಿ

ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಸಂಸತ್ ಭವನದಲ್ಲಿ ಪ್ರತಿಯೊಂದು ರಾಜ್ಯವೂ ತನ್ನ ಇಬ್ಬರು ಮಹನೀಯರ ಪ್ರತಿಮೆಗಳನ್ನು ಇರಿಸುವ ಪದ್ಧತಿಯಿದೆ. ಸೇನಾನಿಗಳು, ರಾಜಕಾರಣಿಗಳು, ನ್ಯಾಯವಾದಿಗಳ ಸಾಲಿನ ನಡುವೆ ಫ್ಲಾರಿಡಾ ರಾಜ್ಯವು 1914ರಲ್ಲಿ ನೀಡಿದ ಅಮೃತಶಿಲೆಯ ಪ್ರತಿಮೆ ಮಾತ್ರ ಸಣ್ಣ ಬಂದರೂರಿನ ವೈದ್ಯರೊಬ್ಬರದು. ಬದುಕಿದ್ದಾಗ ನಗೆಪಾಟಲಿಗೀಡಾಗಿ, ಕೈಹಿಡಿಯುವವರಿಲ್ಲದೆ ಕಣ್ಮುಚ್ಚಿದ ಆ ವೈದ್ಯರ ಹೆಸರು ಡಾ. ಜಾನ್ ಗಾರಿ. ಯಂತ್ರದಿಂದ ಮಂಜುಗಡ್ಡೆ ತಯಾರಿಸಿ, ಆ ತಂಪಿನಿಂದ ಜ್ವರಪೀಡಿತರ ಕೋಣೆಯ ಗಾಳಿಯನ್ನು ಹಿತಗೊಳಿಸಲು ಹೊರಟ ಅವರನ್ನು ಹವಾನಿಯಂತ್ರಣದ ಆದಿಪುರುಷರಲ್ಲಿ ಒಬ್ಬರೆಂದು ಇಂದು ಗೌರವಿಸಲಾಗುತ್ತಿದೆ.

ಹತ್ತಿ ಬಂದರಿನ ವೈದ್ಯ

1803ರಲ್ಲಿ ಜನಿಸಿದ ಗಾರಿ ಬೆಳೆದದ್ದು ದಕ್ಷಿಣ ಕೆರೊಲಿನಾದಲ್ಲಿ. ನ್ಯೂಯಾರ್ಕ್ ರಾಜ್ಯದ ಫೇರ್‌ಫೀಲ್ಡ್‌ನ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1827ರಲ್ಲಿ ಪದವಿ ಪಡೆದ ಅವರು, 1833ರಲ್ಲಿ ಫ್ಲಾರಿಡಾದ ಅಪಲಾಚಿಕೋಲಾ ಪಟ್ಟಣಕ್ಕೆ ಬಂದು ನೆಲೆಸಿದರು. ಫ್ಲಾರಿಡಾ ಆಗಿನ್ನೂ ರಾಜ್ಯದ ಸ್ಥಾನಮಾನ ಪಡೆದಿರಲಿಲ್ಲ. ಗುಲಾಮರ ದುಡಿಮೆಯಿಂದ ಬೆಳೆದ ಹತ್ತಿ ನದಿಯ ಮೂಲಕ ಹರಿದುಬಂದು, ಮೆಕ್ಸಿಕೋ ಕೊಲ್ಲಿಯ ದಡದ ಈ ಬಂದರಿನಲ್ಲಿ ಹಡಗೇರುತ್ತಿತ್ತು. ವ್ಯಾಪಾರ ಕುದುರಿದಂತೆ ಊರೂ ಬೆಳೆಯಿತು. ಆದರೆ ಸುತ್ತ ಜೌಗು ನೆಲ, ನಿಂತ ನೀರು, ಬೇಸಿಗೆಯ ಬೇಗೆ. ವರ್ಷ ವರ್ಷವೂ ಚಳಿಜ್ವರ ತಪ್ಪಿದ್ದಲ್ಲ.

ಗಾರಿ ಕೇವಲ ನಾಡಿ ಹಿಡಿದು ಔಷಧ ಕೊಡುವ ವೈದ್ಯರಾಗಿ ಉಳಿಯಲಿಲ್ಲ. ಊರಿನ ಅಂಚೆ ಅಧಿಕಾರಿಯಾದರು, ನಗರಸಭೆಯ ಸದಸ್ಯರಾದರು, 1837ರಲ್ಲಿ ಮೇಯರ್ ಹುದ್ದೆಗೇರಿದರು. 1838ರಲ್ಲಿ ಕ್ಯಾರೊಲಿನ್ ಎಂಬುವರನ್ನು ವಿವಾಹವಾದರು. ಇಬ್ಬರು ಮಕ್ಕಳ ಸಂಸಾರ, ಊರವರ ವಿಶ್ವಾಸ, ಕೈತುಂಬ ಕೆಲಸ ಎಲ್ಲವೂ ಇತ್ತು. ಅಷ್ಟಕ್ಕೆ ತೃಪ್ತರಾಗಿದ್ದರೆ ಇತಿಹಾಸ ಅವರನ್ನು ನೆನೆಯುವ ಕಾರಣವಿರುತ್ತಿರಲಿಲ್ಲ.

ಕೆಟ್ಟ ಗಾಳಿಯ ಸಿದ್ಧಾಂತ

1841ರಲ್ಲಿ ಆ ಕರಾವಳಿಗೆ ಹಳದಿ ಜ್ವರ ಬಡಿಯಿತು. ನೆರೆಯ ಸೇಂಟ್ ಜೋಸೆಫ್ ಪಟ್ಟಣವಂತೂ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ. ಕಣ್ಣೆದುರೇ ಜನ ಸಾಯುತ್ತಿದ್ದರೂ ರೋಗದ ಮೂಲ ಯಾವುದೆಂದು ಬಲ್ಲ ವೈದ್ಯರು ಆ ಕಾಲದಲ್ಲಿ ಜಗತ್ತಿನಲ್ಲೇ ಇರಲಿಲ್ಲ.

ಕೊಳೆತ ಎಲೆ, ಕೆಸರು, ನಿಂತ ನೀರಿನಿಂದ ಏಳುವ ವಿಷಗಾಳಿಯೇ ಇಂಥ ಜ್ವರಗಳಿಗೆ ಕಾರಣವೆಂದು ಅಂದಿನ ವೈದ್ಯಲೋಕ ನಂಬಿತ್ತು. ಮಲೇರಿಯಾ ಎಂಬ ಹೆಸರೇ ಕೆಟ್ಟ ಗಾಳಿ ಎಂಬ ಅರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು. ಗಾರಿ ಕೂಡ ಈ ನಂಬಿಕೆಯವರೇ. ಆದರೆ ಅವರ ಕಣ್ಣು ಇನ್ನೂ ಒಂದು ಸಂಗತಿಯ ಮೇಲೆ ನೆಟ್ಟಿತ್ತು. ಜ್ವರಗಳು ಬೇಸಿಗೆಯಲ್ಲಿ ಉಲ್ಬಣಿಸಿ, ಚಳಿ ಬೀಳುತ್ತಿದ್ದಂತೆ ಇಳಿಯುತ್ತಿದ್ದವು. ಶೀತ ಪ್ರದೇಶಗಳಲ್ಲಿ ಅವುಗಳ ಹಾವಳಿ ಕಡಿಮೆ. ಋತು ಬದಲಾದಾಗ ರೋಗ ಹಿಮ್ಮೆಟ್ಟುವುದಾದರೆ, ರೋಗಿಯ ಕೋಣೆಯೊಳಗೇ ಋತುವನ್ನು ಬದಲಿಸಬಾರದೇಕೆ ಎಂಬ ಆಲೋಚನೆ ಅವರಲ್ಲಿ ಮೊಳೆಯಿತು. ಜೌಗು ಪ್ರದೇಶಗಳ ನೀರನ್ನು ಬಸಿದು ಹರಿಸಬೇಕೆಂದೂ ಅವರು ಊರವರಿಗೆ ಸಲಹೆ ನೀಡಿದ್ದರು.

ಚಾವಣಿಗೆ ತೂಗಿದ ಮಂಜುಗಡ್ಡೆ

ಅವರ ಮೊದಲ ವ್ಯವಸ್ಥೆ ಸರಳವಾಗಿತ್ತು. ಮಂಜುಗಡ್ಡೆ ತುಂಬಿದ ಪಾತ್ರೆಯೊಂದನ್ನು ಕೋಣೆಯ ಚಾವಣಿಯ ಬಳಿ ತೂಗುಹಾಕಲಾಯಿತು. ಹೊಗೆಗೂಡಿನ ಮಾರ್ಗವಾಗಿ ಹೊರಗಿನ ಗಾಳಿ ಕೊಳವೆಯಲ್ಲಿ ಇಳಿದು ಆ ಪಾತ್ರೆಯ ಮೇಲೆ ಹಾದುಬರುತ್ತಿತ್ತು. ತಂಪಾದ ಗಾಳಿ ಬಿಸಿಗಾಳಿಗಿಂತ ಭಾರವಾದುದರಿಂದ ಅದು ತಾನಾಗಿ ಕೆಳಗಿಳಿದು ಹಾಸಿಗೆಯಲ್ಲಿ ಮಲಗಿದ ರೋಗಿಯನ್ನು ಸವರಿ, ನೆಲದ ಬಳಿಯ ಕಿಂಡಿಯಿಂದ ಹೊರಹೋಗುತ್ತಿತ್ತು. ಬೀಸಣಿಗೆಯಿಲ್ಲ, ಯಂತ್ರವಿಲ್ಲ. ಭೌತಶಾಸ್ತ್ರದ ಒಂದು ನಿಯಮವೇ ಚಾಲಕಶಕ್ತಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗಾರಿ ಕೋಣೆಯ ಗಾಳಿಯನ್ನು ತಂಪು ಮಾಡಿದ್ದಷ್ಟೇ ಅಲ್ಲ, ಅದನ್ನು ಬದಲಾಯಿಸುತ್ತಲೂ ಇದ್ದರು. ಹೊಸ ಗಾಳಿ ಬರಲು ಒಂದು ದಾರಿ, ಬಳಸಿದ ಗಾಳಿ ಹೋಗಲು ಇನ್ನೊಂದು ದಾರಿ. ಕೆಟ್ಟ ಗಾಳಿಯೇ ರೋಗವೆಂದು ನಂಬಿದ ವೈದ್ಯರಿಗೆ ತಂಪಿನಷ್ಟೇ ಗಾಳಿಯ ಸಂಚಾರವೂ ಮುಖ್ಯವಾಗಿತ್ತು.

ತೊಡಕಿದ್ದದ್ದು ಮಂಜುಗಡ್ಡೆಯಲ್ಲಿ. ಉತ್ತರದ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ದಕ್ಷಿಣಕ್ಕೆ ಸಾಗಿಸಲಾಗುತ್ತಿತ್ತು. ಬಾಸ್ಟನ್ನಿನ ಫ್ರೆಡ್ರಿಕ್ ಟ್ಯೂಡರ್ ಈ ವ್ಯಾಪಾರದ ಸಾಮ್ರಾಟ. 1833ರಲ್ಲಿ ಅವರ ಮಂಜುಗಡ್ಡೆ ಕಲ್ಕತ್ತೆಗೂ ಬಂದಿಳಿದಿತ್ತು. ಮದರಾಸಿನ ಕಡಲತೀರದಲ್ಲಿ ಇಂದು ವಿವೇಕಾನಂದರ ಹೆಸರು ಹೊತ್ತು ನಿಂತಿರುವ ಐಸ್ ಹೌಸ್ ಕಟ್ಟಡ ಆ ವ್ಯಾಪಾರದ್ದೇ ಕುರುಹು. ಹಡಗು ತಡವಾದರೆ ಅಥವಾ ಉತ್ತರದಲ್ಲಿ ಚಳಿ ಸಾಲದೆ ಹೋದರೆ ಗಾರಿಯವರ ರೋಗಿಗಳಿಗೆ ತಂಪಿಲ್ಲ. ಜ್ವರವಂತೂ ಹಡಗಿನ ದಾರಿ ಕಾಯುವುದಿಲ್ಲ.

ಗಾಳಿಯಿಂದಲೇ ತಂಪು

ಹಾಗಾದರೆ ಮಂಜುಗಡ್ಡೆಯನ್ನು ಇಲ್ಲಿಯೇ ತಯಾರಿಸಬೇಕು ಎಂಬ ನಿರ್ಧಾರಕ್ಕೆ ಅವರು ಬಂದರು. 1844ರಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಜೆನ್ನರ್ ಎಂಬ ಗುಪ್ತನಾಮದಿಂದ ಲೇಖನಮಾಲೆ ಬರೆದು ತಮ್ಮ ವಿಚಾರಗಳನ್ನು ಮಂಡಿಸಿದರು. ಸಿಡುಬಿನ ಲಸಿಕೆಯಿಂದ ಪ್ರಸಿದ್ಧರಾದ ಎಡ್ವರ್ಡ್ ಜೆನ್ನರ್ ಅವರ ಕುಲನಾಮವದು. ಮರುವರ್ಷ ವೈದ್ಯವೃತ್ತಿಯನ್ನೇ ಬದಿಗಿರಿಸಿ ಯಂತ್ರದ ಬೆನ್ನುಹತ್ತಿದರು. ವರಮಾನ ನಿಂತಿತು. ಉಳಿತಾಯ ಕರಗತೊಡಗಿತು.

ಯಂತ್ರದ ತತ್ತ್ವ ಹೀಗಿತ್ತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯೇರುವುದು ಎಲ್ಲರ ಅನುಭವ. ಒತ್ತಿದ ಆ ಗಾಳಿಯನ್ನು ಒತ್ತಡ ಬಿಡದೆ ನೀರಿನಿಂದ ತಣಿಸಿ, ಬಳಿಕ ಮತ್ತೊಂದು ಸಿಲಿಂಡರಿನಲ್ಲಿ ಹಿಗ್ಗಲು ಬಿಟ್ಟರೆ ಅದು ವಿಪರೀತ ತಂಪಾಗಿ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಾರಿ ಆ ಸಿಲಿಂಡರಿನ ಸುತ್ತ ಉಪ್ಪುನೀರನ್ನು ಇರಿಸಿದರು. ಉಪ್ಪುನೀರು ಹೆಪ್ಪುಗಟ್ಟದೆ ಶೂನ್ಯ ಡಿಗ್ರಿಗಿಂತ ಕೆಳಗಿಳಿಯಬಲ್ಲದು. ಅದರೊಳಗೆ ಇಟ್ಟ ಪಾತ್ರೆಯ ಸಿಹಿನೀರು ಮಂಜುಗಡ್ಡೆಯಾಯಿತು. ಹಿಗ್ಗುವ ಗಾಳಿಯ ಬಲವನ್ನೂ ವ್ಯರ್ಥವಾಗಲು ಬಿಡದೆ ಯಂತ್ರದ ಚಾಲನೆಗೆ ಮರಳಿ ಬಳಸಿಕೊಂಡಿದ್ದರು.

ಹೀಗೆ ಹೊರಬಂದದ್ದು ಇಟ್ಟಿಗೆ ಗಾತ್ರದ ಮಂಜುಗಡ್ಡೆಗಳು. 1851ರ ಮೇ 6ರಂದು ಅಮೆರಿಕ ಸರ್ಕಾರ ಅವರಿಗೆ 8080ನೇ ಸಂಖ್ಯೆಯ ಪೇಟೆಂಟ್ ನೀಡಿತು. ಯಾಂತ್ರಿಕ ಶೈತ್ಯೀಕರಣಕ್ಕೆ ಆ ದೇಶದಲ್ಲಿ ದೊರೆತ ಮೊತ್ತಮೊದಲ ಪೇಟೆಂಟುಗಳಲ್ಲಿ ಅದು ಒಂದು.

ಪರಿಹಾಸ್ಯ ಮತ್ತು ಸೋಲು

ಪೇಟೆಂಟ್ ಸಿಕ್ಕಿದರೂ ಬಂಡವಾಳ ಸಿಗಲಿಲ್ಲ. ಯಂತ್ರ ಸೋರುತ್ತಿತ್ತು, ಆಗಾಗ ಕೆಡುತ್ತಿತ್ತು. ಅದನ್ನು ಸುಧಾರಿಸಲು ಹಣ ಬೇಕಾಗಿತ್ತು. ನೆರವಾಗಲು ಮುಂದೆ ಬಂದಿದ್ದ ಬಾಸ್ಟನ್ನಿನ ಪಾಲುದಾರರೊಬ್ಬರು ಅಕಾಲದಲ್ಲಿ ತೀರಿಕೊಂಡರು. ಹಣ ಹೂಡುವವರನ್ನು ಅರಸಿ ಗಾರಿ ನ್ಯೂ ಆರ್ಲಿಯನ್ಸ್ ನಗರಕ್ಕೂ ಅಲೆದರು. ಫಲ ದೊರೆಯಲಿಲ್ಲ.

ಮಂಜುಗಡ್ಡೆಯನ್ನು ಸೃಷ್ಟಿಸುವುದು ದೇವರ ಕೆಲಸ, ಮನುಷ್ಯ ಅದಕ್ಕೆ ಕೈಹಾಕುವುದು ಹುಚ್ಚುತನ ಎಂಬರ್ಥದಲ್ಲಿ ಉತ್ತರದ ಪತ್ರಿಕೆಯೊಂದು ಅವರನ್ನು ಲೇವಡಿ ಮಾಡಿತು. ನೈಸರ್ಗಿಕ ಮಂಜುಗಡ್ಡೆಯ ವ್ಯಾಪಾರಿಗಳೇ ತಮ್ಮ ವಿರುದ್ಧ ಪ್ರಚಾರಕ್ಕೆ ಕುಮ್ಮಕ್ಕು ನೀಡುತ್ತಿದ್ದಾರೆಂಬ ಶಂಕೆ ಗಾರಿಯವರನ್ನು ಕಾಡಿತು. ಆದರೂ ಲೇಖನಿ ಕೆಳಗಿಡಲಿಲ್ಲ. 1854ರಲ್ಲಿ ಮಲೇರಿಯಾದ ಸ್ವರೂಪ ಮತ್ತು ತಡೆಗಟ್ಟುವಿಕೆಯ ಬಗ್ಗೆ ನ್ಯೂ ಆರ್ಲಿಯನ್ಸ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಆರೋಗ್ಯ ಕುಸಿದಿತ್ತು, ಮನಸ್ಸೂ ದಣಿದಿತ್ತು. 1855ರ ಜೂನ್ 29ರಂದು, 51ನೇ ವಯಸ್ಸಿನಲ್ಲಿ, ಅಪಲಾಚಿಕೋಲಾದಲ್ಲಿಯೇ ಅವರು ಕೊನೆಯುಸಿರೆಳೆದರು.

ಬೆಂಗಳೂರಿನ ತೊಟ್ಟಿಯಿಂದ ಬಂದ ಸುಳಿವು

ಗಾರಿ ನಂಬಿದ್ದ ಸಿದ್ಧಾಂತ ತಪ್ಪೆಂದು ಅವರ ಕಾಲಾನಂತರ ಸಾಬೀತಾಯಿತು. 1880ರಲ್ಲಿ ಫ್ರೆಂಚ್ ವೈದ್ಯ ಅಲ್ಫಾನ್ಸ್ ಲ್ಯಾವೆರನ್ ಅಲ್ಜೀರಿಯಾದಲ್ಲಿ ರೋಗಿಗಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ಪರಾವಲಂಬಿಯನ್ನು ಗುರುತಿಸಿದರು. ಹಳದಿ ಜ್ವರದ ವಾಹಕವೂ ಸೊಳ್ಳೆಯೇ ಎಂದು 1900ರಲ್ಲಿ ವಾಲ್ಟರ್ ರೀಡ್ ಅವರ ತಂಡ ದೃಢಪಡಿಸಿತು.

ಈ ಕಥೆಗೆ ನಮ್ಮ ನೆಲದ ನಂಟೂ ಇದೆ. ರಾಸ್ 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇನಾ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುತ್ತಿದ್ದುದನ್ನು ಕಂಡು, ತೊಟ್ಟಿಯನ್ನು ಬರಿದು ಮಾಡಿದಾಗ ಅವುಗಳ ಕಾಟ ತಗ್ಗಿದ್ದನ್ನು ಗಮನಿಸಿದರು. ನಿಂತ ನೀರು, ಸೊಳ್ಳೆ, ಮನುಷ್ಯ ಈ ಮೂರರ ಸಂಬಂಧದ ಮೇಲೆ ಅವರ ದೃಷ್ಟಿ ಹರಿದದ್ದು ಇಲ್ಲಿ. ಜೌಗು ನೆಲವನ್ನು ಬಸಿಯಬೇಕೆಂಬ ಗಾರಿಯವರ ಸಲಹೆ ಸರಿಯಾಗಿತ್ತು, ಅದಕ್ಕೆ ಅವರು ಕೊಟ್ಟ ಕಾರಣ ಸರಿಯಿರಲಿಲ್ಲ. ತಂಪು ಕೋಣೆ ಮಲೇರಿಯಾವನ್ನು ಗುಣಪಡಿಸುವುದಿಲ್ಲ. ಆದರೆ ಬೇಗೆಯಲ್ಲಿ ಬೆಂದ ರೋಗಿಗೆ ಅದು ನೆಮ್ಮದಿ ನೀಡುತ್ತಿದ್ದುದು ಸುಳ್ಳಲ್ಲ.

ಮುಂದುವರಿದ ಹಾದಿ

1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಕೋಣೆಯನ್ನು ನೌಕಾಪಡೆಯ ಎಂಜಿನಿಯರುಗಳು ಮಂಜುಗಡ್ಡೆಯ ಮೇಲೆ ಗಾಳಿ ಹಾಯಿಸಿ ತಂಪಾಗಿಟ್ಟರು. ಅಧ್ಯಕ್ಷರು ಬದುಕುಳಿಯಲಿಲ್ಲ. ಆದರೆ ಗಾರಿಯವರ ಕಲ್ಪನೆ ಸಾಯಲಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕಾಗಿ ಗಾಳಿಯ ಉಷ್ಣತೆಯ ಜೊತೆಗೆ ತೇವಾಂಶವನ್ನೂ ಹದದಲ್ಲಿಡುವ ವ್ಯವಸ್ಥೆ ರೂಪಿಸಿದರು. ಆಧುನಿಕ ಹವಾನಿಯಂತ್ರಣ ಆರಂಭವಾದದ್ದು ಅಲ್ಲಿಂದ. ರೋಗಿಗಾಗಿ ಹುಟ್ಟಿದ ಕನಸು ಕಾಗದ ಮತ್ತು ಬಣ್ಣದ ಸಲುವಾಗಿ ನನಸಾದದ್ದು ಇತಿಹಾಸದ ವೈಚಿತ್ರ್ಯ.

ಮನೆಯ ಎ.ಸಿ.ಗಳು ಗಾರಿಯವರ ಮಾರ್ಗವನ್ನು ಹಿಡಿಯಲಿಲ್ಲ. ಅವು ವಿಶೇಷ ರಾಸಾಯನಿಕಗಳನ್ನು ಆವಿಯಾಗಿಸಿ, ಮತ್ತೆ ದ್ರವವಾಗಿಸಿ ತಂಪನ್ನು ಪಡೆಯುತ್ತವೆ. ಆ ಪೈಕಿ ಕೆಲವು ಓಜೋನ್ ಪದರಕ್ಕೆ ಮಾರಕವೆಂದು ತಿಳಿದ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಗಾಳಿಯನ್ನೇ ಒತ್ತಿ ಹಿಗ್ಗಿಸುವ ಗಾರಿಯವರ ವಿಧಾನಕ್ಕೆ ನೆಲೆ ದೊರೆತದ್ದು ಆಕಾಶದಲ್ಲಿ. ಪ್ರಯಾಣಿಕರ ಜೆಟ್ ವಿಮಾನಗಳ ಒಳಾಂಗಣವನ್ನು ತಂಪಾಗಿಡುವುದು ಇದೇ ತತ್ತ್ವ.

ಮರೆತುಹೋದ ಕಿಂಡಿ

ಗಾರಿಯವರ ಕೋಣೆಯನ್ನು ಇಂದಿನ ಮಲಗುವ ಕೋಣೆಯೊಂದಿಗೆ ಹೋಲಿಸಿದರೆ ಒಂದು ಕೊರತೆ ಎದ್ದುಕಾಣುತ್ತದೆ. ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿಯನ್ನು ಒಳತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು, ತಂಪಾಗಿಸಿ, ಮತ್ತೆ ಅಲ್ಲಿಗೇ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ನಾಲ್ವರು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಒಬ್ಬರ ಕೆಮ್ಮಿನ ಸೂಕ್ಷ್ಮ ಹನಿಗಳು ಎಲ್ಲರ ಪಾಲಾಗುತ್ತವೆ. ಶೋಧಕ ಜಾಲರಿಯನ್ನು ತೊಳೆಯದಿದ್ದರೆ ದೂಳು, ತೇವ ಆರದ ಕಾಯಿಲ್‌ನಲ್ಲಿ ಬೂಷ್ಟು. ಒಳಾಂಗಣದ ಗಾಳಿ ಬದಲಾಗುವುದು ಎಷ್ಟು ಮುಖ್ಯವೆಂಬುದನ್ನು 2020ರ ಕೊರೊನಾ ಸಾಂಕ್ರಾಮಿಕ ಜಗತ್ತಿಗೆ ಮತ್ತೊಮ್ಮೆ ಕಲಿಸಿತು.

ಪರಿಹಾರಗಳು ದುಬಾರಿಯವಲ್ಲ. ಹೊರಗಿನ ಗಾಳಿ ಶುದ್ಧವಾಗಿರುವ ಹೊತ್ತಿನಲ್ಲಿ ದಿನಕ್ಕೆ ಕೆಲಕಾಲ ಕಿಟಕಿ ತೆರೆಯುವುದು, ಅಡುಗೆಮನೆ ಮತ್ತು ಬಚ್ಚಲಿನಲ್ಲಿ ಗಾಳಿ ಹೊರಹಾಕುವ ಫ್ಯಾನ್ ಬಳಸುವುದು, ಜಾಲರಿಯನ್ನು ನಿಯಮಿತವಾಗಿ ತೊಳೆಯುವುದು, ನೀರು ಹರಿದುಹೋಗುವ ಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು, ಉಷ್ಣತೆಯನ್ನು ತೀರ ಕೆಳಗಿಳಿಸದಿರುವುದು ಇವೇ ಮುಖ್ಯವಾದವು. ಭಾರತದಲ್ಲಿ ಸ್ಟಾರ್ ಗುರುತಿನ ಎ.ಸಿ.ಗಳು ಚಾಲೂ ಆದಾಗ 24 ಡಿಗ್ರಿಯಲ್ಲಿ ನಿಲ್ಲಬೇಕೆಂಬ ನಿಯಮ 2020ರ ಜನವರಿಯಿಂದ ಜಾರಿಗೆ ಬಂದಿದೆ.

ಅಪಲಾಚಿಕೋಲಾದಲ್ಲಿ ಇಂದು ಗಾರಿಯವರ ಹೆಸರಿನ ವಸ್ತುಸಂಗ್ರಹಾಲಯವಿದೆ, ಅವರ ಹೆಸರಿನ ಸೇತುವೆಯಿದೆ. ರೋಗದ ಕಾರಣವನ್ನು ಅವರು ತಪ್ಪಾಗಿ ತಿಳಿದಿದ್ದರು. ಆದರೆ ರೋಗಿ ಉಸಿರಾಡುವ ಗಾಳಿ ಹೇಗಿರಬೇಕೆಂಬುದು ವೈದ್ಯನ ಹೊಣೆಯೂ ಹೌದೆಂದು ಅವರು ಕಂಡುಕೊಂಡಿದ್ದರು. ಅವರ ತಂಪನ್ನು ಜಗತ್ತು ಧಾರಾಳವಾಗಿ ಸ್ವೀಕರಿಸಿತು. ನೆಲದ ಬಳಿ ಅವರು ಬಿಟ್ಟಿದ್ದ ಆ ಪುಟ್ಟ ಕಿಂಡಿಯನ್ನು ಮಾತ್ರ ನಮ್ಮ ಮನೆಗಳು ಮತ್ತೆ ತೆರೆಯಬೇಕಾಗಿದೆ.