ಗುರುಪಾದ ಸೇವೆಯ ಚಂದ್ರಗುಪ್ತ ಮುನಿಗಳು

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರು ದೊಡ್ಡಬೆಟ್ಟ ಹತ್ತಿ, ಬಾಹುಬಲಿ ಸ್ವಾಮಿಯ ದರ್ಶನ ಮಾಡಿ, ಹಾಗೇ ಬಸ್ಸು ಹತ್ತಿಬಿಡುವುದುಂಟು. ಎದುರಿಗಿರುವ ಚಿಕ್ಕಬೆಟ್ಟವನ್ನು ನೋಡದೆ ಹೋದರೆ ಯಾತ್ರೆ ಅರ್ಧವಾದಂತೆಯೇ. ಆ ಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದು ಒಬ್ಬ ಶಿಷ್ಯನಿಂದ. ಆ ಶಿಷ್ಯ ಬೇರಾರೂ ಅಲ್ಲ, ಮೌರ್ಯ ಸಾಮ್ರಾಜ್ಯ ಕಟ್ಟಿದ ಚಂದ್ರಗುಪ್ತ ಎಂಬುದು ಇಲ್ಲಿಯ ಪ್ರತೀತಿ.

ಕ್ರಿ.ಪೂ. 321ರ ಸುಮಾರಿಗೆ ನಂದರನ್ನು ಸೋಲಿಸಿ ಪಾಟಲೀಪುತ್ರದ ಸಿಂಹಾಸನ ಏರಿದವನು ಚಂದ್ರಗುಪ್ತ. ಗ್ರೀಕರ ಸೆಲ್ಯೂಕಸ್ ಕೂಡ 500 ಆನೆಗಳನ್ನು ಪಡೆದು, ಗಡಿನಾಡುಗಳನ್ನು ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಂಡ. ಇಷ್ಟೆಲ್ಲ ಇದ್ದರೂ ಕಣ್ತುಂಬ ನಿದ್ದೆ ಇರಲಿಲ್ಲ. ಇಲ್ಲಿಯ ರಾಜ ಪಿತೂರಿಗೆ ಹೆದರಿ ರಾತ್ರಿ ಆಗಾಗ ಮಲಗುವ ಜಾಗ ಬದಲಾಯಿಸುತ್ತಾನೆ ಅಂತ ಗ್ರೀಕರು ಬರೆದಿಟ್ಟಿದ್ದಾರೆ. ಶತ್ರುಗಳ ವಿಷ ನಾಟದಿರಲಿ ಎಂದು ಚಾಣಕ್ಯನೇ ಅವನ ಊಟಕ್ಕೆ ಸ್ವಲ್ಪ ಸ್ವಲ್ಪ ವಿಷ ಬೆರೆಸಿ ರೂಢಿ ಮಾಡಿಸಿದ್ದನಂತೆ. ಗೊತ್ತಿಲ್ಲದೆ ಆ ಊಟದಲ್ಲಿ ಪಾಲು ಪಡೆದ ಗರ್ಭಿಣಿ ರಾಣಿ ತೀರಿಹೋದಳೆಂದು ಹೇಮಚಂದ್ರಾಚಾರ್ಯರ ಗ್ರಂಥದಲ್ಲಿದೆ. ಅನ್ನ ಬಡಿಸುವ ಕೈಯನ್ನೂ ನಂಬಬಾರದು. ರಾಜನಾಗಿ ಅವನು ಕಲಿತ ಪಾಠ ಇದು.

ಇಂಥವನಿಗೆ ಒಂದು ರಾತ್ರಿ ಹದಿನಾರು ಕನಸು ಬಿದ್ದವು. ಅವುಗಳ ಫಲ ತಿಳಿಸಿದವರು ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು. ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರುವುದೆಂದು ಅವರು ಅರಿತರು. ಚಂದ್ರಗುಪ್ತ ರಾಜ್ಯವನ್ನು ಮಗನಿಗೆ ಒಪ್ಪಿಸಿ ದೀಕ್ಷೆ ಪಡೆದು, ಗುರುಗಳ ಸಂಗಡ ಕಾಲ್ನಡಿಗೆಯಲ್ಲೇ ದಕ್ಷಿಣಕ್ಕೆ ಬಂದ. ಜೊತೆಗೆ ಹನ್ನೆರಡು ಸಾವಿರ ಮುನಿಗಳು. ಇತಿಹಾಸಕಾರರಲ್ಲಿ ಇದಕ್ಕೆ ಭಿನ್ನಾಭಿಪ್ರಾಯವುಂಟು. ಆದರೆ ಕ್ರಿ.ಶ. 600ರ ಸುಮಾರಿನ ಇಲ್ಲಿಯ ಬಂಡೆಗಲ್ಲಿನ ಶಾಸನದಲ್ಲೇ ಕ್ಷಾಮದ ಮಾತೂ ಸಂಘ ದಕ್ಷಿಣಕ್ಕೆ ಬಂದ ಮಾತೂ ಇದೆ.

ಕಳ್ಬಪ್ಪು ಎಂದು ಕರೆಯುತ್ತಿದ್ದ ಈ ಬೆಟ್ಟ ಮುಟ್ಟಿದಾಗ ಗುರುಗಳಿಗೆ ತಮ್ಮ ಅಂತ್ಯಕಾಲ ಸಮೀಪಿಸಿದ್ದು ತಿಳಿಯಿತು. ವಿಶಾಖಾಚಾರ್ಯರ ಜೊತೆ ಸಂಘವನ್ನು ಮುಂದಕ್ಕೆ ಕಳಿಸಿದರು. ಚಂದ್ರಗುಪ್ತ ಮುನಿಗಳು ಮಾತ್ರ ಹೋಗಲಿಲ್ಲ.

ಗುರುಗಳು ಸಲ್ಲೇಖನ ಹಿಡಿದರು. ಶಿಷ್ಯ ಉಪವಾಸವಿದ್ದೇ ಸೇವೆ ಮಾಡುವುದನ್ನು ಕಂಡು, ಕಾಡಿನಲ್ಲೇ ಆಹಾರಕ್ಕೆ ಹೋಗಿ ಬರಲು ಹೇಳಿದರು. ಒಂದು ದಿನ ಮೈಯೇ ಕಾಣದ ಬರಿಯ ಕೈಯೊಂದು ಅನ್ನ ನೀಡಿತು. ಮತ್ತೊಂದು ದಿನ ಅಡುಗೆ ಸಿದ್ಧವಿತ್ತು, ಬಡಿಸುವವರಿಲ್ಲ. ಇನ್ನೊಂದು ದಿನ ಒಬ್ಬಳೇ ಹೆಂಗಸು. ಮೂರೂ ಸಲ ನಿಯಮಕ್ಕೆ ಸರಿಬಾರದೆಂದು ಹಸಿದೇ ಹಿಂತಿರುಗಿದರು. ನಾಲ್ಕನೆಯ ದಿನ ಕಾಡಿನ ನಡುವೆ ಒಂದು ಊರೇ ಕಂಡಿತು. ಶ್ರಾವಕರು ಭಕ್ತಿಯಿಂದ ಕರೆದರು. ಮುನಿಗಳು ನಿಂತು, ಅಂಗೈ ಜೋಡಿಸಿ ಉಂಡರು. ಹಿಂದೆ ಅರಮನೆಯ ಅನ್ನಕ್ಕೂ ಅಂಜಿದವರು ಹೆಸರು ಗೊತ್ತಿಲ್ಲದವರ ಕೈತುತ್ತಿಗೆ ಅಂಗೈ ಒಡ್ಡಿದರು!

ಕೆಲವು ದಿನಗಳಲ್ಲಿ ಗುರುಗಳು ದೇಹ ಬಿಟ್ಟರು. ಅಲ್ಲಿಯವರೆಗೆ ನಂಬಿಕೆಯೆಲ್ಲ ಆ ಒಬ್ಬರ ಮೇಲಿತ್ತು. ಈಗ ಅವರಿಲ್ಲ. ಗುಹೆಯಲ್ಲಿ ಗುರುಪಾದವನ್ನು ಪೂಜಿಸುತ್ತಾ, ಅದೇ ಊರಿನವರು ನೀಡಿದ್ದನ್ನು ಉಣ್ಣುತ್ತಾ ಮುನಿಗಳು ವರ್ಷಗಳನ್ನು ಕಳೆದರು. ಕಾವಲಿಲ್ಲ, ಗೂಢಚಾರರಿಲ್ಲ. ದಿನಾ ಅನ್ನ ಇಕ್ಕುವ ಆ ಜನರ ಮೇಲೆ ಅನುಮಾನವೇ ಬರಲಿಲ್ಲ.

ಕ್ಷಾಮ ಕಳೆದು ಸಂಘ ಮರಳಿತು. ಚಂದ್ರಗುಪ್ತ ಮುನಿಗಳು ವಂದಿಸಿದರೆ ವಿಶಾಖಾಚಾರ್ಯರು ಪ್ರತಿವಂದನೆ ಮಾಡಲಿಲ್ಲ. ಶ್ರಾವಕರಿಲ್ಲದ ಕಾಡಿನಲ್ಲಿ ಇಷ್ಟು ವರ್ಷ ಬದುಕಿದ್ದು ಹೇಗೆ, ಗೆಡ್ಡೆಗೆಣಸು ತಿಂದು ವ್ರತ ಕೆಡಿಸಿಕೊಂಡಿರಬೇಕು ಅಂತ ಸಂಶಯ. ಒಂದು ಕಾಲಕ್ಕೆ ಎಲ್ಲರನ್ನೂ ಸಂಶಯದಿಂದ ನೋಡಿದವರು ಈಗ ತಾವೇ ಸಂಶಯಕ್ಕೆ ಗುರಿಯಾದರು. ಸಿಟ್ಟಾಗಲಿಲ್ಲ. ಎಲ್ಲರನ್ನೂ ಆ ಊರಿಗೆ ಆಹಾರಕ್ಕೆ ಕರೆದೊಯ್ದರು. ಉಂಡು ಬಂದ ಮೇಲೆ ಒಬ್ಬ ಬ್ರಹ್ಮಚಾರಿ ಕಮಂಡಲು ಮರೆತದ್ದು ನೆನಪಾಗಿ ಹಿಂದಕ್ಕೆ ಓಡಿದ. ಊರಿಲ್ಲ, ಮನೆಯಿಲ್ಲ. ಕಮಂಡಲು ಮರದ ಕೊಂಬೆಯಲ್ಲಿ ತೂಗುತ್ತಿತ್ತು.

ಇಷ್ಟು ವರ್ಷ ಅನ್ನ ಇಕ್ಕಿದವರು ವನದೇವತೆಗಳು! ಮುನಿಗಳು ಮಾತ್ರ ಅವರನ್ನು ಮನುಷ್ಯರೆಂದೇ ತಿಳಿದಿದ್ದರು. ದೇವತೆಗಳ ಆಹಾರ ಮುನಿಗಳಿಗೆ ಸಲ್ಲದು. ಆದ್ದರಿಂದ ಪ್ರಾಯಶ್ಚಿತ್ತ ಮಾಡಿಕೊಂಡರು, ಉಂಡು ಬಂದ ಸಂಘವೂ ಮಾಡಿಕೊಂಡಿತು. ಕೊನೆಗೆ ಇದೇ ಬೆಟ್ಟದಲ್ಲಿ ಚಂದ್ರಗುಪ್ತ ಮುನಿಗಳೂ ಸಲ್ಲೇಖನದಿಂದ ದೇಹ ಬಿಟ್ಟರು.

ಚಂದ್ರಗಿರಿಯ ಭದ್ರಬಾಹು ಗುಹೆಯಲ್ಲಿ ಗುರುಪಾದಗಳಿಗೆ ಇಂದಿಗೂ ಪೂಜೆ ಇದೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಗುರುಶಿಷ್ಯರ ಜೀವನದ 90 ದೃಶ್ಯಗಳಿವೆ. ಕೆತ್ತಿದ ದಾಸೋಜನ ಹೆಸರೂ ಅಲ್ಲೇ ಇದೆ. ಚಿತ್ರಗಳು ತೀರ ಚಿಕ್ಕವು, ಹತ್ತಿರ ನಿಂತು ನಿಧಾನವಾಗಿ ನೋಡಬೇಕು.