ಹಲ್ಲನ್ನೇ ಬಂಡವಾಳ ಮಾಡಿಕೊಂಡ ತಿಪಟೂರಿನ ನರಸಿಂಹರಾಜು
ತಿಪಟೂರು ಅಂದ್ರೆ ಹೊರಗಿನವರಿಗೆ ಕೊಬ್ಬರಿ ನೆನಪಾಗುತ್ತೆ. ಹಾಸ್ಯ ಚಕ್ರವರ್ತಿ ನರಸಿಂಹರಾಜು ಹುಟ್ಟಿದ್ದೂ ಇಲ್ಲೇ, 1923ರಲ್ಲಿ. ಸಣಕಲು ದೇಹ, ಉಬ್ಬುಹಲ್ಲು. ಬೇರೆಯವರಾಗಿದ್ರೆ ಬಾಯಿ ಮುಚ್ಕೊಂಡು ಓಡಾಡ್ತಿದ್ರೇನೋ, ಇವರು ಅದನ್ನೇ ಬಂಡವಾಳ ಮಾಡಿಕೊಂಡರು. ಪಳಗಿದ್ದು ಚಿಕ್ಕಂದಿನಿಂದಲೇ ನಾಟಕ ಕಂಪನಿಗಳಲ್ಲಿ.

1954ರ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾಕ್ಕೆ ಬಂದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರವೂ ಅದೇ. ಹೆಸರೇನೋ ಬಂತು, ಆದ್ರೆ ಆಗ ಕನ್ನಡದಲ್ಲಿ ವರ್ಷಕ್ಕೆ ತಯಾರಾಗ್ತಿದ್ದ ಚಿತ್ರಗಳೇ ಕಡಿಮೆ. ಹೊಟ್ಟೆಪಾಡು ನಡೀಬೇಕಲ್ಲ? ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜತೆ ಸೇರಿ ಕಲಾವಿದರ ಸಂಘ ಕಟ್ಟಿ, ಊರೂರು ಸುತ್ತಿ ನಾಟಕ ಆಡಿದರು. ಕೊನೆಗೆ ಇದೇ ನಾಲ್ವರು 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನೇ ತೆಗೆದರು. ಕೈಯಲ್ಲಿ ಕೆಲಸ ಇಲ್ಲದ ಹೊತ್ತಲ್ಲಿ ಅದು ಸಣ್ಣ ಧೈರ್ಯವಲ್ಲ.

ಆಮೇಲೆ ಪುರುಸೊತ್ತೇ ಇಲ್ಲದಷ್ಟು ಚಿತ್ರಗಳು. 1965ರ ‘ಸತ್ಯ ಹರಿಶ್ಚಂದ್ರ’ ಟಿವಿಯಲ್ಲಿ ಬಂದ್ರೆ ಅವರ ನಕ್ಷತ್ರಿಕನನ್ನು ಗಮನಿಸಿ. ರಾಜನ ಬೆನ್ನು ಬಿಡದೆ ಸಾಲ ವಸೂಲಿಗೆ ಕಾಡುವ ಪಾತ್ರ. ನಗುವೂ ಬರುತ್ತೆ, ಸಿಟ್ಟೂ ಬರುತ್ತೆ. ಉದ್ರಿ ಕೊಟ್ಟು ಅಲೆದ ಅಂಗಡಿಯವರಿಗೆ ಮಾತ್ರ ಸ್ವಲ್ಪ ಕನಿಕರವೂ ಬಂದೀತು!

1974ರಲ್ಲಿ ‘ಪ್ರೊಫೆಸರ್ ಹುಚ್ಚುರಾಯ’ ಚಿತ್ರವನ್ನು ತಾವೇ ನಿರ್ಮಿಸಿ, ಹುಚ್ಚುರಾಯನಾಗಿ ನಟಿಸಿದರು. ಐದೇ ವರ್ಷಕ್ಕೆ, 1979ರಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 60 ಕೂಡ ತುಂಬಿರಲಿಲ್ಲ.