ಇಂದಿನ ಚಿಂತನೆ: ಫ್ರಾಯ್ಡ್ ಕಂಡ ಒಳಮನಸ್ಸು

 

ಈ ವಾರ ನಾವು ‘ಅನುಸಯ’ಗಳ ಬಗ್ಗೆ ಓದುತ್ತಿದ್ದೇವೆ. ಮೇಲೆ ಕಾಣದೆ ಮನಸ್ಸಿನ ತಳದಲ್ಲಿ ಮಲಗಿದ್ದು, ಕಾರಣ ಸಿಕ್ಕ ಕೂಡಲೇ ಎದ್ದುಬರುವ ಪ್ರವೃತ್ತಿಗಳಿಗೆ ಪಾಲಿಯಲ್ಲಿ ಈ ಹೆಸರು. ಕಾಮರಾಗ, ಪಟಿಘ, ದಿಟ್ಟಿ, ವಿಚಿಕಿಚ್ಛಾ, ಮಾನ, ಭವರಾಗ, ಅವಿಜ್ಜಾ ಎಂದು ಏಳು. ಇವನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾಗುವವರು ಸಿಗ್ಮಂಡ್ ಫ್ರಾಯ್ಡ್. ಅವರು ಬೌದ್ಧರಲ್ಲ; ಯಾವ ಧರ್ಮದಲ್ಲೂ ನಂಬಿಕೆ ಇಟ್ಟವರಲ್ಲ. ಆದರೂ ಮಲಗಿರುವುದನ್ನು ಎಬ್ಬಿಸಿ ನೋಡಿದ ಅವರ ಬದುಕಿನಲ್ಲಿ ನಮಗೊಂದು ಪಾಠವಿದೆ.

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಇಂದಿನ ಜೆಕ್ ದೇಶದಲ್ಲಿರುವ ಒಂದು ಸಣ್ಣ ಊರಿನಲ್ಲಿ. ಯಹೂದಿ ಮನೆತನ. ತಂದೆ ಯಾಕೊಬ್ ಉಣ್ಣೆ ವ್ಯಾಪಾರಿ. ಮಗುವಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಸಂಸಾರ ವಿಯೆನ್ನಾ ನಗರಕ್ಕೆ ಬಂದು ನೆಲೆಸಿತು. ಹುಡುಗನಿಗೆ ಹತ್ತು ಹನ್ನೆರಡು ವರ್ಷವಿದ್ದಾಗ ತಂದೆ ತಮ್ಮ ಯೌವನದ ಘಟನೆಯೊಂದನ್ನು ಹೇಳಿದರು. ಹೊಸ ಟೋಪಿ ಧರಿಸಿ ಬೀದಿಯಲ್ಲಿ ಹೋಗುತ್ತಿದ್ದಾಗ ಎದುರಿಗೆ ಬಂದ ಒಬ್ಬ ಕ್ರೈಸ್ತ ಆ ಟೋಪಿಯನ್ನು ಕೆಸರಿಗೆ ಕೆಡವಿ, ಯಹೂದಿಗೆ ಕಾಲುದಾರಿ ಯಾಕೆ, ಇಳಿ ಎಂದು ಗದರಿಸಿದನಂತೆ. ತಂದೆ ಏನು ಮಾಡಿದರು? ಸುಮ್ಮನೆ ಕೆಳಗಿಳಿದು ಟೋಪಿ ಎತ್ತಿಕೊಂಡರು.

ಆ ಉತ್ತರ ಮಗನಿಗೆ ಹಿಡಿಸಲಿಲ್ಲ. ರೋಮ್ ಮೇಲೆ ಸೇಡು ತೀರಿಸುತ್ತೇನೆಂದು ತನ್ನ ತಂದೆಗೆ ಮಾತು ಕೊಟ್ಟ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಅವನ ಮನಸ್ಸಿನ ವೀರನಾದ. ಅವಮಾನ ಏನೆಂದು ಬಲ್ಲ ನಮ್ಮಲ್ಲಿ ಅನೇಕರಿಗೆ ಆ ಹುಡುಗನ ಮನಸ್ಸು ಅರ್ಥವಾಗದೆ ಇರದು.

ಫ್ರಾಯ್ಡ್ 1881ರಲ್ಲಿ ವೈದ್ಯರಾದರು. 1885ರಲ್ಲಿ ಪ್ಯಾರಿಸ್‌ಗೆ ಹೋಗಿ ಶಾರ್ಕೋ ಎಂಬ ನರರೋಗ ತಜ್ಞರ ಬಳಿ ಹಿಸ್ಟೀರಿಯಾ ರೋಗಿಗಳನ್ನು ನೋಡಿದರು. ನರಗಳಲ್ಲಿ ದೋಷವಿಲ್ಲ, ಆದರೂ ಕೈ ಎತ್ತಲಾಗುತ್ತಿಲ್ಲ. ಊರಿಗೆ ಮರಳಿ ಹಿರಿಯ ವೈದ್ಯ ಬ್ರಾಯರ್ ಜೊತೆ ಸೇರಿ 1895ರಲ್ಲಿ ಈ ಬಗ್ಗೆ ಒಂದು ಪುಸ್ತಕ ಬರೆದರು. ಸಹಿಸಲಾಗದ ನೆನಪನ್ನು ಮನಸ್ಸು ಒಳಕ್ಕೆ ಅದುಮುತ್ತದೆ, ಅದುಮಿದ್ದು ಸಾಯುವುದಿಲ್ಲ, ರೋಗದ ವೇಷದಲ್ಲಿ ಹೊರಬರುತ್ತದೆ ಎಂಬುದು ಅವರ ವಿಚಾರ. ಹಾಗಾಗಿ ರೋಗಿಯನ್ನು ಮಂಚದ ಮೇಲೆ ಒರಗಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಸುವ ಪದ್ಧತಿ ತಂದರು.

1896ರ ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು. ಆ ಸಾವು ಫ್ರಾಯ್ಡ್ ಅವರನ್ನು ಬುಡಸಮೇತ ಅಲುಗಿಸಿತು. ಮರುವರ್ಷ ಅವರು ತಮ್ಮನ್ನೇ ರೋಗಿಯಾಗಿಸಿಕೊಂಡು ತಮ್ಮ ಕನಸುಗಳನ್ನು ಬಿಡಿಸತೊಡಗಿದರು. ಕನಸುಗಳಲ್ಲಿ ರೋಮ್ ನಗರ ಮತ್ತೆ ಮತ್ತೆ ಬರುತ್ತಿತ್ತು. ಹೋಗುವ ಆಸೆ ಬಹಳ, ಆದರೆ ಹೋಗಲಾಗುತ್ತಿರಲಿಲ್ಲ. 1897ರಲ್ಲಿ ಇಟಲಿಯ ಟ್ರಾಸಿಮೆನೊ ಸರೋವರದವರೆಗೆ ಹೋಗಿ ಹಿಂದಿರುಗಿದ್ದರು. ಹ್ಯಾನಿಬಲ್ ಕೂಡ ಆ ಸರೋವರದ ತನಕ ಬಂದು, ರೋಮ್ ಒಳಗೆ ಕಾಲಿಡಲಾಗದೆ ಹೋದವನು! ಕೆಸರಿಗೆ ಬಿದ್ದ ಆ ಟೋಪಿ ಇಷ್ಟು ವರ್ಷ ತಮ್ಮೊಳಗೆ ಕೆಲಸ ಮಾಡುತ್ತಿದೆ ಎಂಬುದನ್ನು ಅವರು ಕಂಡುಕೊಂಡರು. ಕನಸುಗಳ ಅರ್ಥ ಕುರಿತ ಅವರ ಗ್ರಂಥದಲ್ಲಿ ಇದೆಲ್ಲ ಇದೆ. 1900ರ ಇಸವಿ ಹೊತ್ತು ಬಂದ ಆ ಗ್ರಂಥದ 600 ಪ್ರತಿಗಳು ಮಾರಾಟವಾಗಲು ಎಂಟು ವರ್ಷ ಬೇಕಾಯಿತು. 1901ರ ಸೆಪ್ಟೆಂಬರಿನಲ್ಲಿ ಫ್ರಾಯ್ಡ್ ಕೊನೆಗೂ ರೋಮ್ ಪ್ರವೇಶಿಸಿದರು. ಆಮೇಲೆ ಹಲವು ಬಾರಿ ಹೋದರು.

ಅದೇ ವರ್ಷ ಅವರು ದಿನನಿತ್ಯದ ಮರೆವು, ಮಾತಿನ ತಪ್ಪುಗಳ ಬಗ್ಗೆ ಬರೆದರು. ಕನ್ನಡದಲ್ಲಿ ನಾವು ‘ಬಾಯಿತಪ್ಪಿ ಬಂತು’ ಎಂದು ಹೇಳಿ ಮಾತು ಮುಗಿಸುತ್ತೇವೆ. ಬಾಯಿ ಸುಮ್ಮನೆ ತಪ್ಪುವುದಿಲ್ಲ ಎಂಬುದು ಅವರ ವಾದ.

1923ರಲ್ಲಿ ಅವರು ವ್ಯಕ್ತಿತ್ವವನ್ನು ಮೂರು ಭಾಗವಾಗಿ ವಿವರಿಸಿದರು. ಇಡ್, ಈಗೋ, ಸೂಪರ್ ಈಗೋ ಎಂದು ನಾವು ಕಲಿತ ಹೆಸರುಗಳು ಇಂಗ್ಲಿಷ್ ಅನುವಾದಕರು ಇಟ್ಟವು. ಫ್ರಾಯ್ಡ್ ಬಳಸಿದ್ದು ಮಕ್ಕಳೂ ಆಡುವ ಜರ್ಮನ್ ಮಾತು: ‘ಅದು’, ‘ನಾನು’, ‘ಮೇಲಿನ ನಾನು’. ‘ಅದು’ ಬಯಕೆಗಳ ಬಲವಾದ ಕುದುರೆ, ‘ನಾನು’ ಅದರ ಮೇಲೆ ಕುಳಿತ ಸವಾರ. ಎಷ್ಟೋ ಸಲ ಕುದುರೆ ಹೋದ ದಾರಿಯನ್ನೇ ಸವಾರ ತನ್ನ ದಾರಿ ಎಂದುಕೊಳ್ಳುತ್ತಾನೆ. ಅವರ ಸಿದ್ಧಾಂತದ ಹಲವು ಭಾಗಗಳನ್ನು ಮುಂದಿನ ಮನೋವಿಜ್ಞಾನಿಗಳು ಒಪ್ಪಲಿಲ್ಲ. ಆದರೆ ನಮ್ಮ ಮನೆಗೆ ನಾವೇ ಯಜಮಾನರಲ್ಲ ಎಂಬ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಅದೇ 1923ರಲ್ಲಿ ಅವರ ಬಾಯಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ದಿನಕ್ಕೆ ಇಪ್ಪತ್ತು ಸಿಗಾರ್ ಸೇದುವ ಅಭ್ಯಾಸ. ಹೃದಯದ ತೊಂದರೆಗಾಗಿ ಬಿಡಬೇಕೆಂದು 1890ರ ದಶಕದಲ್ಲೇ ಗೆಳೆಯ ಫ್ಲೀಸ್ ಹೇಳಿದ್ದರು. ತಂಬಾಕಿನಂಥ ಚಟಗಳು ಅದಕ್ಕೂ ಹಳೆಯ ಚಟವೊಂದರ ಬದಲಿ ರೂಪ ಎಂದು ಫ್ರಾಯ್ಡ್ ಅವರೇ ಬೇರು ಹುಡುಕಿ ಫ್ಲೀಸ್‌ಗೆ 1897ರಲ್ಲಿ ಬರೆದಿದ್ದರು. ಬೇರು ಸಿಕ್ಕಿತು, ಚಟ ಹೋಗಲಿಲ್ಲ. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು, ಬಾಯೊಳಗೆ ಕೃತಕ ಅಂಗುಳು ಬಂತು, ಆದರೂ ಸೇದಿದರು. 1938ರಲ್ಲಿ ನಾಜಿಗಳ ಕೈಯಿಂದ ಪಾರಾಗಿ ಲಂಡನ್ ಸೇರಿದರು. 1939ರ ಸೆಪ್ಟೆಂಬರ್ 23ರಂದು, 83ನೆಯ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು.

ಕಂಡುಕೊಂಡಾಗ ರೋಮ್‌ನ ಬಾಗಿಲು ತೆರೆಯಿತು. ಕಂಡುಕೊಂಡರೂ ಸಿಗಾರ್ ಕೈಬಿಡಲಿಲ್ಲ. ಒಬ್ಬರೇ ಮನುಷ್ಯ, ಅದೇ ತೀಕ್ಷ್ಣ ಬುದ್ಧಿ. ಇದನ್ನು ನಾನು ಅವರನ್ನು ಹಳಿಯಲು ಹೇಳುತ್ತಿಲ್ಲ. ಸಬ್ಬಾಸವ ಸುತ್ತದಲ್ಲಿ ಬುದ್ಧರು ಆಸವಗಳನ್ನು ಕಳೆಯುವ ಏಳು ದಾರಿಗಳನ್ನು ಹೇಳಿದ್ದಾರೆ. ಕಾಣುವುದು ಮೊದಲನೆಯದು. ಇಂದ್ರಿಯಗಳನ್ನು ಕಾಯುವುದು, ಅಗತ್ಯವಿರುವಷ್ಟನ್ನೇ ಬಳಸುವುದು, ಸಹಿಸುವುದು, ದೂರವಿರುವುದು, ಎದ್ದ ಯೋಚನೆಯನ್ನು ಹೊರಹಾಕುವುದು, ಭಾವನಾ ಎಂಬ ಸಾಧನೆ, ಇವು ಇನ್ನುಳಿದ ಆರು. ಕೆಲವು ಗಂಟುಗಳು ಕಂಡ ಮಾತ್ರಕ್ಕೆ ಬಿಚ್ಚಿಕೊಳ್ಳುತ್ತವೆ. ಕೆಲವಕ್ಕೆ ದಿನದಿನದ ದುಡಿಮೆ ಬೇಕು.

‘ನನಗೆ ಸಿಟ್ಟು ಜಾಸ್ತಿ, ನನಗೇ ಗೊತ್ತು’ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಗೊತ್ತಿರುವುದನ್ನೇ ರಕ್ಷಣೆ ಮಾಡಿಕೊಂಡು ಮತ್ತೆ ಸಿಟ್ಟಾಗುತ್ತೇವೆ. ಇಂದು ಸಂಜೆ ಧ್ಯಾನಕ್ಕೆ ಕುಳಿತಾಗ, ನಮಗೆ ಬಹಳ ದಿನದಿಂದ ಗೊತ್ತಿದ್ದೂ ಹೋಗದೆ ಉಳಿದಿರುವ ಒಂದನ್ನು ಆರಿಸಿಕೊಳ್ಳೋಣ. ಉಳಿದ ಆರು ದಾರಿಗಳಲ್ಲಿ ಅದಕ್ಕೆ ಯಾವುದು ಹೊಂದುತ್ತದೆ ಎಂದು ನೋಡೋಣ.

ಎಲ್ಲ ಜೀವಿಗಳಿಗೂ ಒಳಿತಾಗಲಿ. ಸಾಧು, ಸಾಧು, ಸಾಧು.